ಅರ್ಧ ಇಂಚು ಕಡಿಮೆ

"ಬಲಗಾಲು ನಲವತ್ತು," ಎಂದು ಕೂಗಿದರು ಹೊಲಿಗೆ ಮಾಸ್ತರು. ಮೂಲೆಯಲ್ಲಿ ಕೂತು ಅಂಗಿಗೆ ಕಾಜಾ ಹಾಕುತ್ತಿದ್ದ ಅವರ ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅಳತೆ ಪುಸ್ತಕದಲ್ಲಿ ಬರೆದುಕೊಂಡರು. ಮಾಸ್ತರು ಟೇಪನ್ನು ಪ್ಯಾಂಟು ಹೊಲಿಸಲು ಬಂದಿದ್ದ ಡಾಕ್ಟರ ಎಡಗಾಲಿಗೆ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. "ಎಡಗಾಲು... ಮೂವತ್ತೊಂಬತ್ತೂವರೆ."

"ಟೇಪು ನೆಟ್ಟಗೆ ಹಿಡೀರಿ. ಒಬ್ಬ ಮನುಷ್ಯನಿಗೆ ಎರಡು ಅಳತೆ ಇರುತ್ತಾ?" ಎಂದರು ಹೆಂಡತಿ.

"ಟೇಪು ನೆಟ್ಟಗೇ ಇದೆಯಮ್ಮ," ಡಾಕ್ಟರ ದನಿ ತಗ್ಗಿತ್ತು. "ಸೊಂಟದ ಕೀಲು ಸವೆದು ಹೋಗಿದೆ. ಎರಡು ವರ್ಷದಿಂದ ಹೀಗೇ ಎಳ್ಕೊಂಡು ಓಡಾಡ್ತಿದ್ದೀನಿ."

ಮಾಸ್ತರು ಟೇಪನ್ನು ಕೊರಳಿಗೆ ಹಾಕಿಕೊಂಡು ಅವರಿಗೆ ಕುರ್ಚಿ ಎಳೆದುಕೊಟ್ಟರು. ಒಂಬತ್ತು ವರ್ಷದ ಹಿಂದೆ ಮಾಸ್ತರ ಬಲಸೊಂಟದಲ್ಲಿ ಸವೆದ ಕೀಲನ್ನು ತೆಗೆದು, ಪಿಂಗಾಣಿಯ ಬಟ್ಟಲು, ಪಿಂಗಾಣಿಯ ಗುಂಡು ಕೂರಿಸಿದವರು ಇದೇ ಡಾಕ್ಟರು. ಊರಿನಲ್ಲಿ ಎಷ್ಟೋ ಜನ ಅವರು ಕೂರಿಸಿದ ಕೀಲಿನ ಮೇಲೆಯೇ ನಡೆದಾಡುತ್ತಿದ್ದರು. "ಊರಿಗೆಲ್ಲ ಮಾಡಿದೋರು ನೀವು. ನಿಮಗೆ ಮಾತ್ರ ಯಾಕೆ ಬೇಡ?" ಎಂದರು ಮಾಸ್ತರು.

"ಹೆದರಿಕೆ, ಮಾಸ್ತರೇ. ಒಳಗೆ ಏನು ಮಾಡ್ತಾರೆ ಅಂತ ನಿಮಗೆಲ್ಲ ಗೊತ್ತಿರಲಿಲ್ಲ, ಧೈರ್ಯವಾಗಿ ಮಲಗಿಬಿಟ್ರಿ. ನನಗೆ ಒಂದೊಂದೂ ಗೊತ್ತು. ಎಲ್ಲೋ ಅಪರೂಪಕ್ಕೆ ಆ ಪಿಂಗಾಣಿ ಒಡೆಯುತ್ತೆ ಅಂತಾನೂ ಗೊತ್ತು." ಡಾಕ್ಟರು ತಲೆ ಎತ್ತಿದರು. "ನಿಜ ಹೇಳಿ, ನಿಮ್ಮದು ಹೇಗಿದೆ?"

"ವರ್ಷ ವರ್ಷ ಬಂದು ಹೇಳ್ತೀನಲ್ಲ, ಚೆನ್ನಾಗಿದೆ ಅಂತ."

"ಅದು ಡಾಕ್ಟರಿಗೆ ಹೇಳೋ ಮಾತು. ಈಗ ಕೇಳ್ತಿರೋನು ರೋಗಿ."

ಮಾಸ್ತರು ಹೆಂಡತಿಯ ಮುಖ ನೋಡಿದರು. ಆಕೆ 'ಹೇಳಿಬಿಡಿ' ಎಂಬಂತೆ ತಲೆಯಾಡಿಸಿದರು.

"ಮೊದಲು ಮೂರು ತಿಂಗಳು ರಾತ್ರಿ ಮರದ ದಿಮ್ಮಿ ತರ ಅಂಗಾತವೇ ಮಲಗ್ತಿದ್ದೆ, ಹೊರಳೋ ಹಾಗಿರಲಿಲ್ಲ. ಕಾಲುಚೀಲ ಕೂಡ ಇವಳೇ ಹಾಕಬೇಕಿತ್ತು. ಆಮೇಲೆ ಒಂದು ವರ್ಷ, ಮೆಟ್ಟಿಲು ಹತ್ತಿದರೆ ಕಿರ್ ಅಂತಿತ್ತು."

"ಎಣ್ಣೆ ಬಿಡಲಾ ಅಂತ ಕೇಳ್ತಿದ್ದೆ," ಹೆಂಡತಿ ನಕ್ಕರು. "ಆಗ ಎಲ್ಲಿದ್ದಾರೆ ಅಂತಾದ್ರೂ ಗೊತ್ತಾಗ್ತಿತ್ತು. ಈಗ ಸದ್ದೇ ಇಲ್ಲ. ಬೆಕ್ಕಿನ ಹಾಗೆ ಬಂದು ಸಕ್ಕರೆ ಡಬ್ಬಿಗೆ ಕೈ ಹಾಕ್ತಾರೆ."

"ಇನ್ನೊಂದಿದೆ," ಮಾಸ್ತರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನನ್ನ ಬಲಗಾಲು ಕಾಲು ಇಂಚು ಉದ್ದ ಆಗಿದೆ."

ಡಾಕ್ಟರ ಮುಖ ಸಪ್ಪಗಾಯಿತು. "ನನ್ನ ಕೈಯಿಂದಲೇ ಆಗಿದ್ದು. ಒಂಬತ್ತು ವರ್ಷ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ನಿಮ್ಮ ಮುಖ ಹೀಗಾಗುತ್ತೆ ಅಂತ ಗೊತ್ತಿತ್ತು. ಕಾಲನ್ನ ಮಡಚಿ ಹೊಲಿಯೋಕಾಗುತ್ತಾ? ಪ್ಯಾಂಟನ್ನೇ ಒಂದು ಕಡೆ ಉದ್ದ ಹೊಲ್ಕೊಂಡೆ, ಮುಗೀತು." ಮಾಸ್ತರು ಹೊಲಿಗೆ ಮಿಷನ್ನಿನ ಮೇಲೆ ಕೈಯಿಟ್ಟರು. "ಆಪರೇಷನ್ನಿಗೆ ಮುಂಚೆ ಈ ಪೆಡಲು ತುಳೀತಾ ಅಳ್ತಿದ್ದೆ ಡಾಕ್ಟ್ರೇ. ಗಿರಾಕಿ ಬಂದರೆ, ಕಣ್ಣಿಗೆ ಧೂಳು ಬಿತ್ತು ಅಂತಿದ್ದೆ. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟ ಅಂತ ಒಂದಿದೆ ಅನ್ನೋದೇ ನೆನಪಾಗಲ್ಲ. ಆ ಮರೆವು ನೀವು ಕೊಟ್ಟಿದ್ದು. ಅದರ ಮುಂದೆ ಕಾಲು ಇಂಚು ಯಾವ ಲೆಕ್ಕ?"

ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಕೂತರು. "ನನ್ನ ಸೊಂಟಾನ ಯಾರ ಕೈಗೆ ಕೊಡೋದು ಅಂತ ಒಂದು ಯೋಚನೆ. ನನ್ನ ಹತ್ತಿರ ಕಲಿತ ಹುಡುಗಿ ಇದ್ದಾಳೆ. ಚೆನ್ನಾಗೇ ಮಾಡ್ತಾಳೆ. ಆದರೂ..."

"ಆದರೂ ಏನು?" ಹೆಂಡತಿ ಅಂಗಿ ಕೆಳಗಿಟ್ಟರು. "ನೀವು ಕಲಿಸಿದವಳ ಕೈಕೆಳಗೆ ನೀವೇ ಮಲಗಲ್ಲ ಅಂದ್ರೆ, ನಮ್ಮಂಥವರಿಗೆ ಅವಳ ಹತ್ತಿರ ಹೋಗಿ ಅಂತ ಯಾವ ಬಾಯಲ್ಲಿ ಹೇಳ್ತೀರಿ?"

ಹದಿನೈದು ದಿನಕ್ಕೆ ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಡಾಕ್ಟರು ಎಚ್ಚರವಾಗಿಯೇ ಇದ್ದರು. ಪರದೆಯ ಆಚೆ ಶಿಷ್ಯೆ ಕೆಲಸ ನಡೆಸಿದ್ದರೆ ಈಚೆಯಿಂದ ಇವರು, "ಸುತ್ತಿಗೇಲಿ ಇನ್ನೊಂದು ಏಟು ಹಾಕು... ಮೆಲ್ಲಗೆ... ಅಳತೆ ಇನ್ನೊಂದು ಸಲ ನೋಡು" ಎನ್ನುತ್ತಲೇ ಇದ್ದರು. "ಸರ್, ಇವತ್ತು ನೀವು ಪೇಷೆಂಟು. ದಯವಿಟ್ಟು ಸುಮ್ಮನಿರಿ," ಎಂದಳು ಆಕೆ. ಹದಿನೆಂಟು ವರ್ಷ ಬೈಸಿಕೊಂಡೇ ಕಲಿತವಳು ಗುರುವಿಗೆ ಎದುರಾಡಿದ್ದು ಅದೇ ಮೊದಲು.

ಮರುದಿನ ಮಾಸ್ತರು, ಹೆಂಡತಿ ನೋಡಲು ಹೋದಾಗ ಡಾಕ್ಟರು ವಾಕರ್ ಹಿಡಿದು ಮಂಚದ ಪಕ್ಕ ನಿಂತಿದ್ದರು. ಎಡಪಾದ ಮಾತ್ರ, ನೀರು ಎಷ್ಟು ಬಿಸಿಯಿದೆಯೋ ಎಂದು ಅಂಜುವವರ ಪಾದದಂತೆ, ನೆಲ ಮುಟ್ಟದೆ ಮೇಲೆಯೇ ತೂಗುತ್ತಿತ್ತು. ಆ ಗುಂಡು ಎಷ್ಟು ಭಾರ ತಡೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೂ ಹಣೆಯ ತುಂಬ ಬೆವರು. ಮಂಚದ ಕಾಲಬುಡದಲ್ಲಿ ನಿಂತಿದ್ದ ಶಿಷ್ಯೆ ಆ ಪಾದವನ್ನೇ ನೋಡುತ್ತಿದ್ದಳು.

"ಕಾಲು ಊರಿ, ಡಾಕ್ಟ್ರೇ," ಎಂದರು ಮಾಸ್ತರು ಮೆಲ್ಲಗೆ. "ಅವತ್ತು ನಾನು ಹೀಗೇ ನಿಂತಿದ್ದಾಗ ನೀವು ಏನೇನೋ ಧೈರ್ಯ ಹೇಳಿದ್ರಿ. ಒಂದೂ ನೆನಪಿಲ್ಲ. ನಿಮ್ಮ ಮುಖ ನೋಡ್ಕೊಂಡು ಊರಿದೆ, ಅಷ್ಟೇ."

ಡಾಕ್ಟರು ಶಿಷ್ಯೆಯ ಮುಖ ನೋಡಿದರು. ಬೆರಳು ತಾಗಿತು, ಹಿಮ್ಮಡಿ ತಾಗಿತು, ಮೈಭಾರ ನಿಧಾನವಾಗಿ ಆ ಕಾಲಿಗೆ ಇಳಿಯಿತು.

"ನೆಲ ಸಿಕ್ತು, ಮಗಳೇ," ಎಂದರು.