ಶಂಖದೊಳಗಿನ ನೀರು

೨೦೧೯ರ ನವೆಂಬರ್ ೭, ಬೆಳಿಗ್ಗೆ ಐದೂ ಐವತ್ತು. ಅತ್ತೆ ಗುಲಾಬಿ ಬಣ್ಣದ ಶಂಖವನ್ನು ಸೊಸೆಯ ಅಂಗೈ ಮೇಲೆ ಬಗ್ಗಿಸಿದರು. ನಾಲ್ಕು ಹನಿ ನೀರು ಬಿತ್ತು.

“ನೋಡಿದ್ಯಾ? ಕೆರಿಬಿಯನ್ ಕಡಲು ಇವತ್ತೂ ಬಂದಿದೆ. ನನ್ನ ಯತೀಶ ಅಲ್ಲೆಲ್ಲೋ ಬದುಕಿದ್ದಾನೆ. ಅವನ ಉತ್ತರಕ್ರಿಯೆ ಮಾಡ್ಲಿಕ್ಕೆ ನಾನು ಬಿಡುದಿಲ್ಲ.”

ಹಡಗಿನಿಂದ ಬಿದ್ದ ಯತೀಶನ ದೇಹ ಸಿಕ್ಕಿರಲಿಲ್ಲ. ಹೆಂಡತಿಗೆಂದು ಅವನು ಅಲ್ಲಿನ ಬಂದರಿನಲ್ಲಿ ಕೊಂಡಿದ್ದ ಶಂಖ ಮಾತ್ರ ಪೆಟ್ಟಿಗೆಯೊಂದಿಗೆ ಮನೆಗೆ ಬಂದಿತ್ತು. ವರ್ಷ ಕಳೆದಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸೊಸೆಗೆ ಈ ಕಾಯುವಿಕೆ ಮುಗಿದರೆ ಸಾಕಾಗಿತ್ತು.

“ಅತ್ತೆ, ಕಡಲ ನೀರಾದ್ರೆ ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪಿರ್ತದೆ. ಕಣ್ಣೀರಾದ್ರೆ ಒಂಬತ್ತು. ರಾತ್ರಿ ಇದನ್ನು ಹಿಡ್ಕೊಂಡು ಅಳುವುದು ನೀವೇ.”

“ನಾನು ಹಗಲೇ ಅಳ್ತೇನೆ ಮಾರಾಯ್ತಿ, ಊರಿಗೆಲ್ಲ ಗೊತ್ತುಂಟು. ನೀನು ಒಂದು ಹನಿಯಾದ್ರೂ ಹಾಕಿದ್ಯಾ?”

ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. “ಇವತ್ತು ಮಗಳ ಮನೆಯಲ್ಲಿ ಮಲಗಿ. ನಾಳೆ ಶಂಖ ಒಣಗಿದ್ರೆ ಕ್ರಿಯೆಗೆ ಒಪ್ಪಬೇಕು.”

“ನೀರಿದ್ರೆ?”

“ಅಳೆದು ನೋಡುವ.”

ಅತ್ತೆ ಹೋದ ಮೇಲೆ, ರಾತ್ರಿ ಅವಳು ಶಂಖವನ್ನು ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕೀಲಿಕೈಯನ್ನು ಕರಿಮಣಿ ಸರಕ್ಕೆ ಕಟ್ಟಿಕೊಂಡು, ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಒಬ್ಬಳೇ ಮಲಗಿದಳು.

ಬೆಳಗಾದಾಗ ಚಿಲಕ ಹಾಕಿದಂತೆಯೇ ಇತ್ತು, ಬೀಗವೂ. ಕೀಲಿಕೈ ಕೊರಳಲ್ಲೇ ಇತ್ತು. ಕಪಾಟು ತೆರೆದು ಶಂಖವನ್ನು ಬಗ್ಗಿಸಿದರೆ ನಾಲ್ಕು ಹನಿ ಬಿದ್ದವು. ಕಾಲೇಜಿನಿಂದ ತಂದಿದ್ದ, ದುರ್ಬೀನಿನಂಥ ಉಪ್ಪಳೆಯುವ ಸಾಧನದ ಗಾಜಿಗೆ ಒಂದು ಹನಿ ಸವರಿ, ಅದನ್ನು ಯಾಕೋ ಊದಿಕೊಂಡಿದ್ದ ತನ್ನ ಕಣ್ಣಿಗೆ ಹಿಡಿದಳು.

ಲೀಟರಿಗೆ ಒಂಬತ್ತು ಗ್ರಾಂ.