ಜುಂ ಎನ್ನದ ಹಲ್ಲು

ಮೋಡವಿಲ್ಲದ ಆಕಾಶದಿಂದಲೂ ಸಿಡಿಲು ಬೀಳತೊಡಗಿದ ಮೇಲೆ, ತಣ್ಣೀರಿಗೆ ಹಲ್ಲು ಜುಂ ಎನ್ನುವ ಒಬ್ಬರನ್ನು ಪ್ರತಿ ಶಾಲೆಯೂ ಕೆಲಸಕ್ಕೆ ಇಟ್ಟುಕೊಂಡಿತ್ತು. ಸಿಡಿಲಿಗೆ ನಾಲ್ಕು ನಿಮಿಷ ಮೊದಲು ಅವರ ಹಲ್ಲು ತಾನಾಗಿ ಜುಂ ಎನ್ನುತ್ತಿತ್ತು. ಆಗ ಗಂಟೆ ಬಾರಿಸಬೇಕು. ಈ ಶಾಲೆಯಲ್ಲಿ ಆ ಕೆಲಸ ಗುರಸಿದ್ದವ್ವನದು.

ಮೈದಾನದಲ್ಲಿ ಎಂಬತ್ತಾರು ಮಕ್ಕಳು ಖೊಖೊ ಆಡುತ್ತಿದ್ದರು. ಗುರಸಿದ್ದವ್ವ ತಂಬಿಗೆಯ ತಣ್ಣೀರನ್ನು ಮತ್ತೆ ಮತ್ತೆ ದವಡೆಗೆ ತಿರುಗಿಸಿ ಉಗುಳಿದಳು. ಏನೂ ಆಗಲಿಲ್ಲ. ನೋವಿಗೆ ಉಪ್ಪುನೀರು, ಲವಂಗದೆಣ್ಣೆ ಎಲ್ಲ ಸೋತ ಮೇಲೆ, ಮಗಳ ಮದುವೆಯಲ್ಲಾದರೂ ನೆಮ್ಮದಿಯಾಗಿ ಉಣ್ಣಬೇಕೆಂದು ಅವಳು ಗುಟ್ಟಾಗಿ ಹಲ್ಲಿನ ಡಾಕ್ಟರಿಂದ ಹಲ್ಲು ಜುಂ ಎನ್ನದಂತೆ ಲೇಪ ಹಚ್ಚಿಸಿಕೊಂಡಿದ್ದಳು. "ಲೇಪ ವಾರದಾಗ ಬಿಟ್ಟ ಹೋಗತೈತಿ" ಎಂದಿದ್ದರು ಡಾಕ್ಟರು. ಈಗ ಹದಿನೈದು ದಿನ.

"ಏನವ್ವಾ, ಮುಂಜಾನಿಂದ ಬಾಯಿ ಮುಕ್ಕಳಸಾಕ ಹತ್ತಿ? ಬೀಗರ ಹೋಳಿಗಿ ಇನ್ನೂ ಹಲ್ಲಾಗ ಸಿಕ್ಕೈತೇನು?" ಮೈದಾನದ ನಡುವಿನಿಂದ ಹೆಡ್‌ಮಾಸ್ತರ್ ಮುದಕಪ್ಪ ಕೂಗಿ ನಕ್ಕರು.

ಹೇಳಿದರೆ ಕೆಲಸ ಹೋಗುತ್ತದೆ. ಅವಳು ಆಕಾಶ ನೋಡಿದಳು. ಅದು ತಿಳಿನೀಲಿಯಾಗಿತ್ತು, ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಹೋದಳು, ಮತ್ತೆ ಬಂದಳು. ಕೊನೆಗೆ ಹಗ್ಗ ಹಿಡಿದು ಗಂಟೆ ಬಾರಿಸಿಯೇಬಿಟ್ಟಳು.

ಮಕ್ಕಳು ದಡದಡನೆ ಒಳಗೆ ಓಡಿದರು. ಹೆಡ್‌ಮಾಸ್ತರರು ಗಡಿಯಾರ ನೋಡುತ್ತ ನಿಧಾನಕ್ಕೆ ಹೆಜ್ಜೆ ಹಾಕಿದರು. ನಾಲ್ಕು ನಿಮಿಷವಿತ್ತಲ್ಲ.

"ಜೋರ ಜುಂ ಅಂತೇನವ್ವಾ?"

"ಇಲ್ರೀ ಸರ್. ಹದಿನೈದು ದಿನದಿಂದ ಜುಂ ಅಂದೇ ಇಲ್ರೀ. ಡಾಕ್ಟರ ಕಡೆ ಔಷಧ ಹಚ್ಚಿಸಿಕೊಂಡೀನ್ರಿ."

ಹೆಡ್‌ಮಾಸ್ತರರು ಒಮ್ಮೆ ತಲೆಯೆತ್ತಿ ನೋಡಿದರು. ಮರುಕ್ಷಣ ಮಕ್ಕಳಿಗಿಂತ ಜೋರಾಗಿ ಓಡಿದರು.