ಒಂದನೇ ಬೆಡ್ಡಿನ ಅಲಾರಂ

ಇಡೀ ಸೀಮೆಯ ಐಸಿಯುಗಳಿಗೆಲ್ಲ ಉಳಿದಿದ್ದವರು ಒಬ್ಬರೇ ಡಾಕ್ಟರು. ಅವರು ಪರದೆಯ ಮೇಲೆ ಬರುತ್ತಿದ್ದರು, ಅದೂ ಆಕ್ಸಿಜನ್ ಎಂಬತ್ತಕ್ಕಿಂತ ಕೆಳಗಿಳಿದ ಬೆಡ್ಡಿಗೆ ಮಾತ್ರ.

ನಾಲ್ಕನೇ ಬೆಡ್ಡಿನ ಬಾಣಂತಿ ಹುಸೇನ್‌ಬಿಗೆ ಎಂಬತ್ತಾರು ತೋರಿಸುತ್ತಿತ್ತು. ತುಟಿ ಆಗಲೇ ನೀಲಿಯಾಗಿತ್ತು. ಇನ್ನೂ ಇಳಿಯಲಿ ಎಂದು ಕಾದರೆ ಏನಾಗುತ್ತದೆಂದು ನರ್ಸ್ ನೀಲಗಂಗಾಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಎಲ್ಲ ನರ್ಸುಗಳೂ ಮಾಡುವುದನ್ನೇ ಅವಳೂ ಮಾಡಿದಳು. ಒಂದನೇ ಬೆಡ್ಡಿನಲ್ಲಿ ನಿದ್ದೆ ಹೋಗಿದ್ದ ಸಿದ್ರಾಮಪ್ಪನ ಬೆರಳಿನಿಂದ ಆಕ್ಸಿಜನ್ ಅಳೆಯುವ ಕ್ಲಿಪ್ ಬಿಚ್ಚಿದಳು; ಹುಸೇನ್‌ಬಿಯದನ್ನು ಬಿಚ್ಚಿದರೆ ಅವಳ ಅಂಕಿಯೇ ಕಾಣುತ್ತಿರಲಿಲ್ಲ. ಒಂದನೇ ಬೆಡ್ಡಿನ ಅಂಕಿ ಸೊನ್ನೆಗಿಳಿದು ಅಲಾರಂ ಹೊಡೆದುಕೊಂಡಿತು.

ಪರದೆಯಲ್ಲಿ ಡಾಕ್ಟರ ಮುಖ ಬಂತು. "ಒಂದನೇ ಬೆಡ್, ಏನಾಯ್ತು?"

"ಅವರು ಆರಾಮ ಅದಾರ್ರಿ ಸರ್. ಈಕಿನ್ನ ನೋಡ್ರಿ," ಎಂದು ಕ್ಯಾಮೆರಾವನ್ನು ಹುಸೇನ್‌ಬಿಯತ್ತ ತಿರುಗಿಸಿದಳು.

ಡಾಕ್ಟರು ಬೈಯಲಿಲ್ಲ, ಬೈಯುವಷ್ಟು ಹೊತ್ತು ಅವರಿಗಿರಲಿಲ್ಲ. ಅವರು ಹೇಳಿದಂತೆ ಇಂಜೆಕ್ಷನ್ ಕೊಟ್ಟು, ಗಂಟಲಿಗೆ ಟ್ಯೂಬ್ ಇಳಿಸಿ, ವೆಂಟಿಲೇಟರಿಗೆ ಜೋಡಿಸಲು ನೀಲಗಂಗಾಗೆ ಹನ್ನೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಂದನೇ ಬೆಡ್ಡಿನ ಅಲಾರಂ ಕೂಗುತ್ತಲೇ ಇತ್ತು. ಇಬ್ಬರೂ ಅತ್ತ ತಿರುಗಲಿಲ್ಲ. ಹುಸೇನ್‌ಬಿಯ ತುಟಿಗೆ ಬಣ್ಣ ಬಂತು.

"ಆ ಕ್ಲಿಪ್ ಹಾಕಿಬಿಡಿ," ಎಂದು ಡಾಕ್ಟರು ಇನ್ನೊಂದು ಊರಿನ ಪರದೆಗೆ ಹೋದರು.

ನೀಲಗಂಗಾ ಸಿದ್ರಾಮಪ್ಪನ ಬೆರಳಿಗೆ ಕ್ಲಿಪ್ ಹಾಕಿದಳು. ಅಂಕಿ ಬರಲಿಲ್ಲ. ಬೆರಳು ತಣ್ಣಗಿದ್ದರೆ ಹಾಗಾಗುವುದುಂಟು. ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದಳು. ಇನ್ನೊಂದು ಕೈಗೆ ಹಾಕಿದಳು. ಆಮೇಲೆ ಕುತ್ತಿಗೆಯ ನಾಡಿ ಮುಟ್ಟಿ ನೋಡಿದಳು.

ಅವನ ಎದೆ ಒತ್ತುತ್ತಲೇ ಪರದೆಯತ್ತ ತಿರುಗಿ ಕೂಗಿದಳು. "ಸರ್, ಒಂದನೇ ಬೆಡ್ ನೋಡ್ರಿ. ಈಗ ಖರೇನ ಅದ್ರಿ."

ಪರದೆಯಲ್ಲಿ ಮುಖವಿರಲಿಲ್ಲ, ಅಕ್ಷರಗಳಿದ್ದವು: ಒಂದನೇ ಬೆಡ್ ಅನ್ನು ಈಗಷ್ಟೇ ನೋಡಲಾಗಿದೆ. ಮುಂದಿನ ಸರದಿ ನಲವತ್ತು ನಿಮಿಷದ ನಂತರ.